ದುಡಿಮೆಯ ಸೊಗಸು, ಬಾಳಿನ ಸವಿ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಸವಡಿ ಎಂಬ ಊರಿದೆ. ಮುಂಗಾರಿನಲ್ಲಿ ಹೆಸರನ್ನೂ ಹಿಂಗಾರಿನಲ್ಲಿ ಜೋಳ, ಕಡಲೆ, ಗೋಧಿಗಳನ್ನೂ ಬೆಳೆಯುವ ಎರೆಭೂಮಿಯ ಸೀಮೆಯದು. ಅಲ್ಲಿಯ ಒಂದು ಮನೆಯ ಕಟ್ಟೆಯ ಮೇಲೆ ವೃದ್ಧನಾದ ರೈತನೊಬ್ಬನು ಸಂಜೆಯ ಹೊತ್ತು ಕುಳಿತಿರುವನೆಂದು ಭಾವಿಸೋಣ. ಗದಗಿನ ಮಾರುಕಟ್ಟೆಯಲ್ಲಿ ಅಂದು ಕಡಲೆಗೆ ಯಾವ ಧಾರಣೆ ಇದೆ ಎಂಬುದನ್ನು ಅವನು ತಿಳಿಯಬೇಕಾಗಿದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಮೊಬೈಲಿನಲ್ಲಿ ಜಾಲಪುಟವೊಂದನ್ನು ತೆರೆದು ಅವನ ಕೈಗೆ ಕೊಡುತ್ತಾಳೆ. ಅಕ್ಷರಗಳು ಎಳ್ಳಿನಷ್ಟು ಸಣ್ಣವು. ಬಿಳಿಯ ಹಿನ್ನೆಲೆಯ ಮೇಲೆ ಮಾಸಲು ಬೂದುಬಣ್ಣದ ಬರಹ. ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸನ್ನು ತಾಗುತ್ತಿದೆ. ಕಣ್ಣು ಕಿರಿದುಮಾಡಿ ನೋಡಿದ ಅಜ್ಜನು, "ಇದು ನಮ್ಮಂಥಾವ್ರಿಗಲ್ಲ ಬಿಡವಾ" ಎಂದು ಅದನ್ನು ಹಿಂದಿರುಗಿಸುತ್ತಾನೆ.

ಇಲ್ಲಿ ಸೋತವರು ಯಾರು? ಅಜ್ಜನಿಗೆ ಓದು ಬರುತ್ತದೆ. ಕಡಲೆಯ ಲೆಕ್ಕವೂ ಅವನಿಗೆ ಚೆನ್ನಾಗಿ ಗೊತ್ತು. ಸೋತುದು ಆ ಪುಟವನ್ನು ರೂಪಿಸಿದವನ ಕೆಲಸ. ತನ್ನ ಪುಟವನ್ನು ಯಾರು, ಎಲ್ಲಿ, ಎಂತಹ ಕಣ್ಣುಗಳಿಂದ ಓದುವರೆಂಬುದನ್ನು ಅವನು ಮನಸ್ಸಿನಲ್ಲಿ ಕಾಣಲಿಲ್ಲ. ಜಾಲತಾಣಗಳ ಪುಟಗಳನ್ನು ರೂಪಿಸುವವನನ್ನು ಜನರು 'ವೆಬ್ ಡಿಸೈನರ್' ಎಂದು ಕರೆಯುತ್ತಾರೆ. ನಾವು ಅವನನ್ನು ಜಾಲವಿನ್ಯಾಸಕನೆನ್ನೋಣ. ಅಕ್ಷರದ ಗಾತ್ರ, ಬಣ್ಣಗಳ ಹೊಂದಿಕೆ, ಸಾಲುಗಳ ನಡುವಣ ಅಂತರ, ಚಿತ್ರಗಳ ಸ್ಥಾನ ಇವುಗಳನ್ನು ನಿಶ್ಚಯಿಸುವುದು ಅವನ ಕೆಲಸ. ಇದು ಕೇವಲ ಅಲಂಕಾರವೆಂದು ಹಲವರು ತಿಳಿದಿದ್ದಾರೆ. ಆದರೆ ಒಂದು ಮನೆಯ ಬಾಗಿಲು ಎಷ್ಟು ಎತ್ತರವಿರಬೇಕೆಂದು ನಿಶ್ಚಯಿಸುವವನು ಅಲಂಕಾರವನ್ನಷ್ಟೇ ಮಾಡುತ್ತಾನೆಯೆ? ಒಳಗೆ ಬರಬಲ್ಲವರು ಯಾರೆಂಬುದನ್ನೂ ಅವನೇ ನಿಶ್ಚಯಿಸುತ್ತಾನಲ್ಲವೆ?

ಈ ವೃತ್ತಿಯು ಹುಟ್ಟಿ ಬಹುಕಾಲವಾಗಿಲ್ಲ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿಯು ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟನು. ಮೊದಲ ಜಾಲತಾಣದಲ್ಲಿ ಚಿತ್ರಗಳಿರಲಿಲ್ಲ. ಇದ್ದುದು ಬರಹ ಮತ್ತು ಒಂದು ಪುಟದಿಂದ ಇನ್ನೊಂದಕ್ಕೆ ಕರೆದೊಯ್ಯುವ ಕೊಂಡಿಗಳು ಮಾತ್ರ. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಈ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಬೋಧಿಸಿದರು. ದುಡಿದುದನ್ನು ಹಂಚಿಕೊಂಡು ಉಣ್ಣಬೇಕೆಂಬುದು ಅವರ ಮತ. ಆ ವಿಜ್ಞಾನಿಗಳು ಶರಣರ ಹೆಸರನ್ನು ಕೇಳಿದ್ದರೋ ಇಲ್ಲವೋ, ಆದರೆ ಅವರು ನಡೆದುದು ಅಂತಹ ಹಾದಿಯಲ್ಲಿಯೇ. ಅವರು ಅದನ್ನು ಬಚ್ಚಿಟ್ಟಿದ್ದರೆ ಇಂದು ಹಳ್ಳಿಯ ಹುಡುಗಿಯೊಬ್ಬಳು ಯಾರ ಅಪ್ಪಣೆಯನ್ನೂ ಬೇಡದೆ ತನ್ನದೊಂದು ಪುಟವನ್ನು ಕಟ್ಟಿ ಲೋಕದ ಮುಂದಿಡುವುದು ಸಾಧ್ಯವಾಗುತ್ತಿರಲಿಲ್ಲ.

ವೃತ್ತಿ ಹೊಸದಾದರೂ ಅದರ ಹಿಂದಿರುವ ದೃಷ್ಟಿ ಹಳೆಯದು. ನಮ್ಮ ಮನೆಗಳಲ್ಲಿರುವ ತಂಬಿಗೆಯನ್ನೇ ನೋಡಿರಿ. 1958ರಲ್ಲಿ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ ಒಂದು ವರದಿಯನ್ನು ಸಲ್ಲಿಸಿದರು. ಈ ದೇಶದಲ್ಲಿ ತಾವು ಕಂಡ ಸುಂದರ ವಸ್ತುಗಳಲ್ಲಿ ಅವರು ಬಹುವಾಗಿ ಮೆಚ್ಚಿದುದು ತಂಬಿಗೆಯನ್ನು. ಅದು ಎಷ್ಟು ನೀರನ್ನು ಹಿಡಿಯಬೇಕು, ತುಂಬಿದಾಗಲೂ ಬರಿದಾದಾಗಲೂ ಕೈಗೆ ಹೇಗೆ ಹೊಂದಬೇಕು, ನೀರು ಹೇಗೆ ಸುರಿಯಬೇಕು, ತೊಳೆಯಲು ಹೇಗೆ ಅನುಕೂಲವಾಗಬೇಕು ಎಂಬ ಎಷ್ಟೋ ವಿಚಾರಗಳು ಆ ಒಂದು ಆಕಾರದಲ್ಲಿ ಅಡಗಿವೆ. ಯಾವನೋ ಒಬ್ಬನು ಒಂದು ದಿನ ಕುಳಿತು ಅದನ್ನು ರಚಿಸಲಿಲ್ಲ. ಬಳಸಿದ ಕೈಗಳೂ ಮಾಡಿದ ಕೈಗಳೂ ತಲೆಮಾರುಗಳ ಕಾಲ ಅದನ್ನು ತಿದ್ದುತ್ತ ಬಂದವು. ಈ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ಒಳ್ಳೆಯ ಜಾಲಪುಟವೂ ತಂಬಿಗೆಯಂತೆಯೇ ಇರಬೇಕು. ಬಳಸುವವನು ಅದರ ಆಕಾರವನ್ನು ಮರೆತು ನೀರನ್ನು ಕುಡಿಯುವಂತಿರಬೇಕು.

ಇನ್ನು ಧಾರವಾಡ ಸೀಮೆಯ ಕಸೂತಿಯನ್ನು ನೆನೆಯೋಣ. ಕಸೂತಿ ಹಾಕುವ ಹೆಣ್ಣುಮಗಳು ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸುತ್ತ ಎಣಿಸುತ್ತ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಗಳನ್ನು ಮೂಡಿಸುತ್ತಾಳೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳೇ ಅವಳ ವರ್ಣಮಾಲೆ. ಗವಂತಿಯಲ್ಲಿ ಬಟ್ಟೆಯ ಹಿಂದೂ ಮುಂದೂ ಒಂದೇ ರೂಪವು ಕಾಣುತ್ತದೆ. ದಾರಕ್ಕೆ ಗಂಟು ಹಾಕುವ ರೂಢಿಯಿಲ್ಲ. ಗಣಕದ ಪರದೆಯೂ ಇಂತಹ ಎಳೆಗಳ ಬಟ್ಟೆಯಂತೆ ಸಣ್ಣ ಸಣ್ಣ ಚುಕ್ಕೆಗಳ ಚೌಕಟ್ಟು. ವಿನ್ಯಾಸಕನು ಆ ಚುಕ್ಕೆಗಳನ್ನು ಎಣಿಸಿ ಅಂಚನ್ನೂ ಅಂತರವನ್ನೂ ಅಳೆಯುತ್ತಾನೆ. ಪುಟದ ಹಿಂಬದಿಯಲ್ಲಿರುವ, ಓದುಗನ ಕಣ್ಣಿಗೆ ಬೀಳದ ಸಂಕೇತ ಬರಹವನ್ನೂ ಶುಚಿಯಾಗಿಡುತ್ತಾನೆ. ಅದು ಶುಚಿಯಾಗಿದ್ದರೆ ಕಣ್ಣು ಕಾಣದವರ ಗಣಕವು ಪುಟವನ್ನು ಗಟ್ಟಿಯಾಗಿ ಓದಿ ಹೇಳಬಲ್ಲುದು. ಹಿಂಬದಿಯೂ ಚೆನ್ನಾಗಿರಬೇಕೆಂಬ ಗವಂತಿಯ ನೀತಿ ಇಲ್ಲಿಯೂ ಸಲ್ಲುತ್ತದೆ.

ಕನ್ನಡದ ಪುಟವನ್ನು ರೂಪಿಸುವವನಿಗೆ ಇನ್ನೊಂದು ವಿಶೇಷ ಹೊಣೆಯಿದೆ. ನಮ್ಮ ಲಿಪಿಯಲ್ಲಿ ಅಕ್ಷರದ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಆದುದರಿಂದ ಇಂಗ್ಲಿಷಿಗೆ ಸಾಕಾಗುವ ಅಂತರವು ಕನ್ನಡದ ಸಾಲುಗಳಿಗೆ ಸಾಲದು. ಕನ್ನಡವು ಗಣಕದೊಳಗೆ ಬಂದುದೂ ಸುಲಭವಾಗಿ ಅಲ್ಲ. ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ. ಪಿ. ರಾವ್ ಅವರು ನಾವು ನುಡಿಯುವ ಕ್ರಮದಲ್ಲಿಯೇ ಕೀಲಿಗಳನ್ನು ಒತ್ತಿದರೆ ಅಕ್ಷರವು ರೂಪುಗೊಳ್ಳುವಂತೆ, ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಇಡೀ ಕನ್ನಡವನ್ನು ಅಳವಡಿಸಿದರು. ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ'ವು ಬಂದಿತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯನ್ನು ಕಲ್ಪಿಸಿದ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆ ಪದ್ಧತಿ ರೂಢಿಗೆ ಬರುವ ಮೊದಲು, ಬರೆದವನಲ್ಲಿದ್ದ ಅಕ್ಷರಶೈಲಿಯು ಓದುವವನಲ್ಲಿ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಇಂದು ಆ ತೊಡಕು ಬಹುಮಟ್ಟಿಗೆ ಕಳೆದಿದೆ. ಆದರೆ ಅಕ್ಷರವು ಮೂಡಿದರೆ ಸಾಲದು, ಅದು ಓದಿಸಿಕೊಳ್ಳಬೇಕು. ಸಾಮಾನ್ಯ ಗಾತ್ರದ ಬರಹಕ್ಕೂ ಅದರ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸವು ಕಡೆಯಪಕ್ಷ 4.5ಕ್ಕೆ 1ರ ಪ್ರಮಾಣದಲ್ಲಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದು ಹೇಳುತ್ತದೆ. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕನು, ನೀರು ಪಾತ್ರೆಯ ಆಕಾರವನ್ನು ತಳೆಯುವಂತೆ ಪುಟವು ದೊಡ್ಡ ಪರದೆಗೂ ಸಣ್ಣ ಮೊಬೈಲಿಗೂ ತಾನಾಗಿ ಹೊಂದಿಕೊಳ್ಳುವ ಕ್ರಮವನ್ನು ವಿವರಿಸಿದನು. ನಮ್ಮ ಅಜ್ಜನ ಕೈಗೆ ಬಂದ ಪುಟದಲ್ಲಿ ಈ ಎರಡು ನಿಯಮಗಳನ್ನು ಪಾಲಿಸಿದ್ದರೆ ಅವನಿಗೆ ಅರ್ಧ ಕಷ್ಟವು ತಪ್ಪುತ್ತಿತ್ತು.

ಆದರೆ ನಿಯಮಗಳನ್ನು ಕಲಿತ ಮಾತ್ರಕ್ಕೆ ಸೃಷ್ಟಿಶೀಲತೆ ಬರುವುದೆ? ಇಲ್ಲಿಯೇ ಈ ವೃತ್ತಿಯ ಒಂದು ಅಪಾಯವಿದೆ. ಪರದೆಯ ಮುಂದೆ ಕುಳಿತವನಿಗೆ ಹಗಲು ಇರುಳುಗಳ ಪರಿವೆ ತಪ್ಪುತ್ತದೆ. ಹೊತ್ತು ಮುಳುಗಿದರೆ ಹೊಲದ ಕೆಲಸವು ನಿಲ್ಲುತ್ತದೆ. ಪರದೆಯ ಬೆಳಕಿಗೆ ಮುಳುಗುವ ಹೊತ್ತೇ ಇಲ್ಲ. ಊಟ ತಪ್ಪುತ್ತದೆ, ನಿದ್ದೆ ಕೆಡುತ್ತದೆ, ಗೆಳೆಯರ ಮಾತು ಬೇಡವಾಗುತ್ತದೆ. ಇದನ್ನೇ ಶ್ರದ್ಧೆಯೆಂದು ಕೆಲವರು ಹೊಗಳುವುದುಂಟು. ಆದರೆ ಹಸಿದ ಮನುಷ್ಯನನ್ನೂ ನಗುವ ಮಗುವನ್ನೂ ಸಂಜೆಯ ಬಾನನ್ನೂ ನೋಡದವನು ತನ್ನ ಪುಟದಲ್ಲಿ ಯಾವ ಬಣ್ಣವನ್ನು ತುಂಬಿಯಾನು? ಇತರರ ಪುಟಗಳನ್ನೇ ನೋಡಿ ನೋಡಿ ಅವುಗಳ ನಕಲನ್ನಷ್ಟೇ ಮಾಡಿಯಾನು. ಅಜ್ಜನ ಕಣ್ಣಿನ ಕಷ್ಟವನ್ನು ಅರಿಯಬೇಕಾದರೆ ಕಟ್ಟೆಯ ಮೇಲೆ ಅಜ್ಜನ ಪಕ್ಕದಲ್ಲಿ ಕುಳಿತ ಅನುಭವ ಬೇಕು.

ಗದಗಿನ ವೀರನಾರಾಯಣ ದೇವಾಲಯದಲ್ಲಿ ಕುಮಾರವ್ಯಾಸನು ತನ್ನ ಭಾರತವನ್ನು ರಚಿಸಿದನೆಂದು ಪ್ರತೀತಿಯಿದೆ. ಮಿಂದು ಬಂದು, ಉಟ್ಟ ಒದ್ದೆಯ ಬಟ್ಟೆ ಆರುವವರೆಗೆ ಮಾತ್ರ ಅವನು ಕಾವ್ಯವನ್ನು ಹೇಳುತ್ತಿದ್ದನಂತೆ. ಇದು ಜನರು ಹೇಳುತ್ತ ಬಂದ ಕಥೆ. ಆದರೂ ಅದರಲ್ಲಿ ತಿಳಿವಳಿಕೆಯಿದೆ. ಕೆಲಸಕ್ಕೊಂದು ಮಿತಿಯಿದ್ದರೆ ಆ ಮಿತಿಯೊಳಗೆ ಮನಸ್ಸು ಏಕಾಗ್ರವಾಗುತ್ತದೆ. ಉಳಿದ ಹೊತ್ತಿನಲ್ಲಿ ಕಂಡುದು ಕೇಳಿದುದು ಮರುದಿನದ ಕಾವ್ಯಕ್ಕೆ ಒದಗುತ್ತದೆ.

ಸವಡಿಗೆ ಹತ್ತಿರದ ರೋಣದಲ್ಲಿ 1922ರ ಫೆಬ್ರುವರಿ 4ರಂದು ಜನಿಸಿದ ಪಂಡಿತ ಭೀಮಸೇನ ಜೋಶಿಯವರ ಜೀವನವು ಈ ಮಾತಿಗೆ ಒಳ್ಳೆಯ ನಿದರ್ಶನ. ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಮರುಳಾದ ಬಾಲಕನು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆಯನ್ನು ಬಿಟ್ಟು ಹೊರಟನು. ದೂರದ ಊರುಗಳನ್ನು ಸುತ್ತಿ, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಶಿಷ್ಯನಾಗಿ ನಿಂತು ಕಠಿಣ ಸಾಧನೆಯನ್ನು ಮಾಡಿದನು. 2008ರಲ್ಲಿ ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತು. 2011ರ ಜನವರಿ 24ರಂದು ಅವರು ಪುಣೆಯಲ್ಲಿ ನಿಧನರಾದರು. ಇಂತಹ ಸಾಧಕರು ಸಂಗೀತವೊಂದನ್ನು ಬಿಟ್ಟು ಬೇರೇನನ್ನೂ ಅರಿಯರೆಂದು ನಾವು ಭಾವಿಸಬಹುದು. ಆದರೆ ಅವರಿಗೆ ಮೋಟಾರುಕಾರುಗಳೆಂದರೆ ಬಹಳ ಪ್ರೀತಿ. ಕಾರಿನ ಯಂತ್ರದ ಒಳಗುಟ್ಟುಗಳನ್ನೂ ಅವರು ಬಲ್ಲವರಾಗಿದ್ದರು. ಈಜು, ಕಾಲ್ಚೆಂಡಾಟಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಸಾಧನೆಯ ನಿಷ್ಠೆಯೂ ಬಾಳಿನ ಉತ್ಸಾಹವೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ಪಾಠವನ್ನು ನಮ್ಮ ರೈತರು ಪಂಡಿತರಿಂದ ಕಲಿಯಬೇಕಾಗಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಈ ಭಾಗದ ರೈತ ಕುಟುಂಬಗಳು ಹೊಲಕ್ಕೆ ಹೊರಡುವುದನ್ನು ನೀವು ಕಂಡಿರಬಹುದು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಪಲ್ಯ, ಗುರೆಳ್ಳಿನ ಚಟ್ನಿ, ಶೇಂಗಾ ಹೋಳಿಗೆಗಳ ಬುತ್ತಿ ಕಟ್ಟಿಕೊಂಡು, ಬಂಧು ಬಳಗದವರನ್ನೂ ನೆರೆಹೊರೆಯವರನ್ನೂ ಕರೆದುಕೊಂಡು ಹೋಗುತ್ತಾರೆ. ಪೈರಿಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ, ಹಸಿರಿನ ನಡುವೆ ಕುಳಿತು ಉಣ್ಣುತ್ತಾರೆ. ಅದೇ ಹೊಲ, ನಿನ್ನೆಯವರೆಗೆ ಅಲ್ಲಿ ಬೆವರು ಸುರಿಸಿದ್ದಾಯಿತು, ನಾಳೆಯೂ ಸುರಿಸುವುದಿದೆ. ಇಂದು ಮಾತ್ರ ಅದು ದುಡಿಯುವ ನೆಲವಲ್ಲ, ನಲಿಯುವ ನೆಲ. ಬಿಡುವೆಂದರೆ ಕೆಲಸದಿಂದ ಓಡಿಹೋಗುವುದಲ್ಲ. ಮಾಡಿದ ಕೆಲಸವನ್ನು ಪ್ರೀತಿಯಿಂದ ನಿಂತು ನೋಡುವುದು ಎಂಬುದನ್ನು ಈ ಹಬ್ಬವು ತಿಳಿಸುತ್ತದೆ. ಬೇಸಗೆಯಲ್ಲಿ ಉತ್ತುಬಿಟ್ಟ ಎರೆಹೊಲವು ಬಿಸಿಲಿಗೆ ಬಿರಿದು ಮಳೆಯನ್ನು ಕಾಯುತ್ತದೆ. ನೋಡುವವರಿಗೆ ಅದು ಬರಿಯ ನೆಲ. ಆದರೆ ಮುಂದಿನ ಬೆಳೆಗೆ ಅದು ಅಣಿಯಾಗುತ್ತಿರುತ್ತದೆ. ಮನಸ್ಸಿನ ಬಿಡುವೂ ಅಂತಹುದೇ.

ಮೊಮ್ಮಗಳ ಕೈಗೆ ಮರಳಿದ ಮೊಬೈಲನ್ನು ನಾವು ಮರೆಯಬಾರದು. ಅವಳು ನಿಮ್ಮ ವಯಸ್ಸಿನವಳು. ಪಟ್ಟಿಯ ಅಂಚಿನಲ್ಲಿ ಹೂಬಳ್ಳಿಯನ್ನು ಬರೆಯುವ ಅಭ್ಯಾಸ ಅವಳಿಗಿರಬಹುದು. ಅಜ್ಜಿಯು ಹಾಕಿದ ಕಸೂತಿಯ ಎಳೆಗಳನ್ನು ಅವಳು ಎಣಿಸಿರಬಹುದು. ಅವಳು ಒಂದು ಹಾಳೆಯನ್ನು ತೆಗೆದುಕೊಂಡು, ಕಡಲೆ, ಜೋಳ, ಹೆಸರು ಎಂದು ದಪ್ಪ ಅಕ್ಷರಗಳಲ್ಲಿ ಬರೆದು, ಪ್ರತಿಯೊಂದರ ಮುಂದೆ ಧಾರಣೆಯನ್ನು ಇನ್ನೂ ದಪ್ಪನಾಗಿ ಬರೆದು, ನಡುವೆ ಧಾರಾಳವಾಗಿ ಸ್ಥಳ ಬಿಟ್ಟು, "ಅಜ್ಜಾ, ಹಿಂಗಿದ್ರ ಕಾಣಸ್ತದೇನು?" ಎಂದು ಕೇಳುವಳೆಂದುಕೊಳ್ಳಿರಿ. ಅಜ್ಜನು ಕನ್ನಡಕವಿಲ್ಲದೆಯೇ ಓದಿ ನಗುತ್ತಾನೆ. ವಿನ್ಯಾಸದ ಮೊದಲ ಪಾಠವು ಅಲ್ಲಿಗೆ ಮುಗಿಯಿತು. ಗಣಕವನ್ನು ಆಮೇಲೆ ಕಲಿಯಬಹುದು. ಇನ್ನೊಬ್ಬರ ಕಷ್ಟವನ್ನು ಕಾಣುವ ಕಣ್ಣು, ಅದನ್ನು ಪರಿಹರಿಸುವಾಗ ಉಂಟಾಗುವ ಸಂತೋಷ, ಈ ಎರಡೂ ಇದ್ದವನು ಯಾವ ಊರಿನಲ್ಲಿದ್ದರೂ ಕಲಾವಿದನೇ ಸರಿ.

ಅಭ್ಯಾಸ

1. ಅಜ್ಜನು ಮೊಬೈಲನ್ನು ಹಿಂದಿರುಗಿಸಲು ಕಾರಣವೇನು? ಆ ತಪ್ಪು ಯಾರದೆಂದು ಲೇಖಕರು ಹೇಳುತ್ತಾರೆ?
2. ತಂಬಿಗೆಗೂ ಒಳ್ಳೆಯ ಜಾಲಪುಟಕ್ಕೂ ಇರುವ ಹೋಲಿಕೆಯನ್ನು ವಿವರಿಸಿರಿ.
3. ಗವಂತಿ ಹೊಲಿಗೆಯಿಂದ ಜಾಲವಿನ್ಯಾಸಕನು ಕಲಿಯಬೇಕಾದ ನೀತಿ ಯಾವುದು?
4. "ಇಂದು ಮಾತ್ರ ಅದು ದುಡಿಯುವ ನೆಲವಲ್ಲ, ನಲಿಯುವ ನೆಲ." ಈ ಮಾತನ್ನು ಸಂದರ್ಭದೊಡನೆ ಸ್ಪಷ್ಟಪಡಿಸಿರಿ.
5. ನಿಮ್ಮ ಶಾಲೆಯ ಪ್ರಕಟಣ ಫಲಕವನ್ನು ಗಮನಿಸಿರಿ. ಹಿರಿಯರೂ ಕಿರಿಯರೂ ಸುಲಭವಾಗಿ ಓದುವಂತೆ ಅದನ್ನು ಹೇಗೆ ತಿದ್ದಬಹುದೆಂದು ಹತ್ತು ವಾಕ್ಯಗಳಲ್ಲಿ ಬರೆಯಿರಿ.