ನುಸಿ ಹತ್ತಿದ ಜೋಳ ದನಕ್ಕೆ ಹಾಕಬಹುದೇ?



"ಸಾಹೇಬ್ರ, ಜ್ವಾಳಕ್ಕ ನುಸಿ ಹತ್ತೇತ್ರಿ. ನಾವಂತೂ ಉಣ್ಣಂಗಿಲ್ಲ, ಎಮ್ಮಿಗೆ ಹಾಕಲೇನ್ರಿ?" ಮಳೆಗಾಲ ಹಿಡಿದ ಮೇಲೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಸಂಘಗಳಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮೊದಲು ಹುಳ ಯಾವುದೆಂದು ನೋಡಿರಿ.

ಒಂದು ಹಿಡಿ ಕಾಳನ್ನು ಬಿಳಿ ಬಟ್ಟೆಯ ಮೇಲೆ ಹರವಿರಿ. ಮುಂದಕ್ಕೆ ಚಾಚಿದ ಮೂತಿಯ ಕಂದು ಹುಳವಿದ್ದರೆ ಅದು ಸೊಂಡಿಲ ಹುಳ. ಜೋಳ, ಗೋದಿ, ಗೋವಿನಜೋಳ ಮೂರಕ್ಕೂ ಬೀಳುತ್ತದೆ. ಹೆಣ್ಣು ಹುಳ ಕಾಳಿಗೆ ತೂತು ಕೊರೆದು, ತತ್ತಿ ಇಟ್ಟು, ಬಾಯಿ ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು ಬೆಳೆಯುತ್ತದೆ. ಆದ್ದರಿಂದ ಸಾಣಿಗೆ ಹಿಡಿದರೆ ಹೋಗುವುದು ಹೊರಗಿನ ಹುಳ ಮಾತ್ರ. ತಿಂಗಳೊಪ್ಪತ್ತಿನಲ್ಲಿ ಮತ್ತೆ ಅಷ್ಟೇ ಹುಳ ಕಾಣುತ್ತವೆ.

ಮೂತಿಯಿಲ್ಲದ, ಚಪ್ಪಟೆಯಾದ ಕೆಂಪು ಹುಳ ಹಿಟ್ಟು, ರವೆ, ಪಶು ಆಹಾರದ ಪುಡಿಯಲ್ಲಿ ಇರುತ್ತದೆ. ಇದು ಹೆಚ್ಚಾದರೆ ಹಿಟ್ಟಿಗೆ ಒಂಥರಾ ಘಾಟು ವಾಸನೆ ಬರುತ್ತದೆ. ಕಡಲೆ, ಹೆಸರು, ಅಲಸಂದಿಯ ಮೇಲೆ ಬಿಳಿ ಚುಕ್ಕೆ ಅಂಟಿದ್ದರೆ ಅವು ದುಂಬಿಯ ತತ್ತಿ. ಈ ಕಾಟ ಹೊಲದಲ್ಲೇ ಆರಂಭವಾಗಿ ಕಾಳಿನ ಜೊತೆ ಮನೆಗೆ ಬರುತ್ತದೆ.

ಕಾಳನ್ನು ತೆಳ್ಳಗೆ ಹರವಿ ಎರಡು-ಮೂರು ದಿನ ಕಡು ಬಿಸಿಲಿಗೆ ಹಾಕಿರಿ. ಹಲ್ಲಿನಲ್ಲಿ ಕಡಿದರೆ 'ಕಟ್' ಎನ್ನಬೇಕು. ಆರಿಸಿದ ಮೇಲೆಯೇ ತುಂಬಿರಿ; ಬಿಸಿ ಕಾಳು ಚೀಲದಲ್ಲಿ ಬೆವರುತ್ತದೆ. ಹಳೆಯ ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ. ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ದೂರ ಇರಲಿ. ಬೇವಿನೆಲೆ ಹಾಕುವುದಾದರೆ ನೆರಳಲ್ಲಿ ಒಣಗಿಸಿ ಹಾಕಿರಿ, ಹಸಿ ಎಲೆ ತೇವ ತರುತ್ತದೆ. ಬೇಳೆಕಾಳಿಗೆ ಕಿಲೋಗೆ ಒಂದು ಸಣ್ಣ ಚಮಚ ಅಡುಗೆ ಎಣ್ಣೆ ಸವರಿದರೆ ದುಂಬಿಯ ತತ್ತಿ ಉಳಿಯುವುದಿಲ್ಲ.

ಕಾಳಿಗಿಡುವ ವಿಷದ ಗುಳಿಗೆಯ ಗೊಡವೆ ಮಾತ್ರ ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಾಗಿದರೆ ವಿಷಾನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ನಮ್ಮ ಮನೆಗಳಲ್ಲಿ ಮನುಷ್ಯರು, ಕಾಳು, ದನ ಎಲ್ಲ ಒಂದೇ ಸೂರಿನಡಿ. ಅದು ತರಬೇತಿ ಪಡೆದವರ ಕೆಲಸ.

ಇನ್ನು ದನದ ವಿಷಯ. ಸೊಂಡಿಲ ಹುಳ ವಿಷವಲ್ಲ. ಕಾಳು ಒಣಗಿದ್ದು, ಬೂಸಿನ ವಾಸನೆ ಇಲ್ಲದಿದ್ದರೆ ಸಾಣಿಗೆ ಹಿಡಿದು, ನುಚ್ಚು ಮಾಡಿ, ದಿನದ ದಾಣಿಯಲ್ಲಿ ಸ್ವಲ್ಪ ಸ್ವಲ್ಪ ಬೆರೆಸಬಹುದು. "ಹೆಂಗೂ ಹಾಳಾಗೂದು" ಎಂದು ಒಮ್ಮೆಲೇ ಬುಟ್ಟಿಗಟ್ಟಲೆ ಸುರಿಯಬೇಡಿ. ಹೊಟ್ಟೆಯಲ್ಲಿ ಹುಳಿ ಏರಿ, ಮೇವು ಬಿಟ್ಟು, ದನ ನೆಲ ಹಿಡಿಯುತ್ತದೆ, ಸಾಯಲೂಬಹುದು. ಹುಳಕ್ಕಿಂತ ಈ ಆತುರವೇ ಹೆಚ್ಚು ಅಪಾಯ ಎಂಬುದು ನನ್ನ ಅಭಿಪ್ರಾಯ.

ಕಾಳು ಗಂಟುಗಟ್ಟಿ, ಒಳಗೆ ಕೈಯಿಟ್ಟರೆ ಬಿಸಿ ಹತ್ತಿ, ಬೂಸು ಕಂಡರೆ ಹಾಕಲೇಬೇಡಿ. ಹುಳಗಳ ಉಸಿರಿನಿಂದಲೇ ಕಾಳಿಗೆ ಕಾವು, ತೇವ ಬರುತ್ತದೆ. ಅದರ ಹಿಂದೆ ಬೂಸು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ನೀರು ನುಗ್ಗಿದ ಊರಿನವರಿಗೆ ತೊಯ್ದ ಕಾಳು ಹೇಗೆ ಕೆಡುತ್ತದೆಂದು ಹೇಳಬೇಕಿಲ್ಲ. ಬೂಸಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿ ಕೋಳಿಗಳು ಸತ್ತಾಗಲೇ ಇದು ಬೆಳಕಿಗೆ ಬಂತು. ದನ ತಿಂದರೆ ಇದರ ಅಂಶ ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗದು. ಕಾನೂನಿನ ಮಿತಿ ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ ಮಾತ್ರ. ಅದೇ ಹಾಲನ್ನು ನಿಮ್ಮ ಮಕ್ಕಳೂ ಕುಡಿಯುತ್ತಾರೆ.

ಬಿತ್ತನೆಗೆ ಔಷಧ ಹಚ್ಚಿದ ಬಣ್ಣದ ಕಾಳು ಉಳಿದಿದ್ದರೆ ಅದನ್ನು ತೊಳೆದು ಸಹ ದನಕ್ಕೆ ಹಾಕಬೇಡಿ. ಸಂಶಯವಿದ್ದರೆ ಒಂದು ಹಿಡಿ ಕಾಳನ್ನು ಕಾಗದದಲ್ಲಿ ಕಟ್ಟಿ ಸಂಘಕ್ಕೆ ತನ್ನಿರಿ, ನೋಡಿ ಹೇಳುತ್ತೇವೆ.