ಹಳೆಯ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಬೇಕೇ?

ಕಾಸರಗೋಡಿನ ಈ ನಮ್ಮ ಶಾಲೆಯ ಕಚೇರಿಯಲ್ಲಿರುವ ಕಂಪ್ಯೂಟರು 2009ರಲ್ಲಿ ಕೊಂಡದ್ದು. ಹಳೆಯ ದಾಖಲಾತಿ ಪುಸ್ತಕಗಳಿಗೆ ಗೆದ್ದಲು ಹಿಡಿಯತೊಡಗಿದಾಗ ಅವುಗಳಲ್ಲಿದ್ದ ಹೆಸರುಗಳನ್ನೆಲ್ಲ ಇದರಲ್ಲಿಯೇ ಟೈಪು ಮಾಡಿ ಇರಿಸಲಾಗಿತ್ತು. ಸುವರ್ಣ ಮಹೋತ್ಸವದ ಆಮಂತ್ರಣಕ್ಕಾಗಿ ಆ ಪಟ್ಟಿಯನ್ನು ತೆರೆಯಹೊರಟರೆ, ಯಂತ್ರವು ಸಿದ್ಧವಾಗುವುದಕ್ಕೇ ಐದು ನಿಮಿಷ ಬೇಕಾಗುತ್ತಿತ್ತು. ಇದನ್ನು ಕಂಡ ಹಳೆ ವಿದ್ಯಾರ್ಥಿಯೊಬ್ಬರು, "ಮಾಷ್ಟ್ರೇ, ಪ್ರೊಸೆಸರ್ ಬದಲಾಯಿಸಿಬಿಡುವ, ಖರ್ಚು ನನಗಿರಲಿ" ಎಂದರು. ಉದಾರವಾದ ಮಾತು. ಆದರೆ ದಾನವಾಗಿ ಬಂದ ಹಣವೆಂದು ವಿಚಾರಿಸದೆ ವೆಚ್ಚ ಮಾಡಲಾದೀತೇ? ಇಂತಹ ಕಂಪ್ಯೂಟರುಗಳು ಅನೇಕರ ಮನೆಗಳಲ್ಲಿಯೂ ಇರುವುದರಿಂದ ಈ ವಿಷಯವನ್ನು ತುಸು ವಿವರಿಸುತ್ತೇನೆ.

ಸಮಾರಂಭದ ಅಡುಗೆಮನೆಯನ್ನು ನೆನೆಯಿರಿ. ಅಡುಗೆಭಟ್ಟರೇ ಪ್ರೊಸೆಸರ್, ಅವರೆದುರಿನ ಜಗಲಿ ರ‍್ಯಾಮ್, ಸಾಮಾನು ತುಂಬಿದ ಉಗ್ರಾಣವು ಹಾರ್ಡ್ ಡಿಸ್ಕ್. ಜಗಲಿ ಕಿರಿದಾಗಿ ಉಗ್ರಾಣ ದೂರವಿದ್ದರೆ, ಎಂಥ ನಿಪುಣರಾದ ಭಟ್ಟರೂ ತೆಂಗಿನಕಾಯಿ ಬರುವ ತನಕ ಸೌಟು ಹಿಡಿದು ಕಾಯಲೇಬೇಕು. ತಿರುಗುವ ಹಾರ್ಡ್ ಡಿಸ್ಕ್ ಒಂದು ಮಾಹಿತಿಯನ್ನು ಹುಡುಕಿ ಕೊಡಲು ಸುಮಾರು 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗೆ ಅದರ ನೂರನೆಯ ಒಂದು ಪಾಲೂ ಸಾಕು.

ಆದುದರಿಂದ ವಿಳಂಬವು ಎಲ್ಲಿದೆಯೆಂಬುದನ್ನು ಮೊದಲು ಕಂಡುಕೊಳ್ಳಬೇಕು. ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರವು ತಡವರಿಸುತ್ತಿರುವಾಗಲೇ ಅದನ್ನು ನೋಡಬೇಕು. ನಮ್ಮಲ್ಲಿ ಡಿಸ್ಕ್ ಶೇಕಡಾ 100ರಲ್ಲಿಯೂ, 2 ಗಿಗಾಬೈಟ್ ರ‍್ಯಾಮ್ ಶೇಕಡಾ 90ರಲ್ಲಿಯೂ ಇದ್ದವು. ಪ್ರೊಸೆಸರ್ ಮಾತ್ರ ಶೇಕಡಾ 30ನ್ನು ದಾಟಲಿಲ್ಲ. ಅಡುಗೆಭಟ್ಟರ ತಪ್ಪೇನೂ ಇರಲಿಲ್ಲ! ಇದಕ್ಕೆ ವಿರುದ್ಧವಾಗಿ ಪ್ರೊಸೆಸರ್ ಸದಾ 100ರಲ್ಲಿದ್ದು ಡಿಸ್ಕ್ ಸುಮ್ಮನಿದ್ದರೆ, ಉದಾಹರಣೆಗೆ ವಿಡಿಯೋ ಸಂಕಲನದಲ್ಲಿ, ಪ್ರೊಸೆಸರಿನ ಮಾತೆತ್ತುವುದು ನ್ಯಾಯ.

ಆಗಲೂ ಎಲ್ಲ ಪ್ರೊಸೆಸರುಗಳು ಎಲ್ಲ ಮದರ್‌ಬೋರ್ಡಿನಲ್ಲಿ ಕೂರುವುದಿಲ್ಲ. ನಮ್ಮದು ಎಲ್‌ಜಿಎ 775 ಸಾಕೆಟ್ಟು. ಅದರಲ್ಲಿರುವುದು ಎರಡು ಕೋರುಗಳ ಪೆಂಟಿಯಂ ಇ5200. ಅದೇ ಸಾಕೆಟ್ಟಿಗೆ ಹೊಂದುವ, ನಾಲ್ಕು ಕೋರುಗಳ ಕೋರ್ 2 ಕ್ವಾಡ್ ಕ್ಯೂ8400 ಈಗ ದೊರೆಯುವುದಿದ್ದರೆ ಹಳೆಯ ಸಾಮಾನುಗಳ ಅಂಗಡಿಯಲ್ಲಿ. ಸಾಕೆಟ್ ಹೊಂದಿದರೂ ಬಯೋಸ್ ಒಪ್ಪಬೇಕು. ತಯಾರಕರು ಪ್ರಕಟಿಸಿದ ಪಟ್ಟಿಯನ್ನು ನೋಡದೆ ಕೊಳ್ಳಬಾರದು. 65 ವಾಟಿನ ಸ್ಥಾನದಲ್ಲಿ 95 ವಾಟಿನದು ಕುಳಿತಾಗ ಹಳೆಯ ಫ್ಯಾನು ಸಾಲದೆ ಹೋಗಬಹುದು. ಇಷ್ಟೆಲ್ಲ ಮಾಡಿದರೂ ವಿಂಡೋಸ್ 11ಕ್ಕೆ ಈ ಯಂತ್ರವು ಅರ್ಹವಾಗುವುದಿಲ್ಲ. ವಿಂಡೋಸ್ 10ಕ್ಕಾದರೋ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದುಹೋಯಿತು.

ಹೀಗಾಗಿ ಪ್ರೊಸೆಸರನ್ನು ಕೈಬಿಟ್ಟು, ಒಂದು ಎಸ್‌ಎಸ್‌ಡಿಯನ್ನೂ, ಬೋರ್ಡು ಒಪ್ಪುವ ಗರಿಷ್ಠ ಮಿತಿಯಾದ 4 ಗಿಗಾಬೈಟ್ ರ‍್ಯಾಮನ್ನೂ ಹಾಕಿಸಿದೆವು. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶವನ್ನಾದುದರಿಂದ ಕಚೇರಿಗೂ ಅದನ್ನೇ ಅಳವಡಿಸಲಾಯಿತು. ಹಳೆಯ ಡಿಸ್ಕನ್ನು ಕಳಚುವ ಮೊದಲು ಹೆಸರುಗಳ ಪಟ್ಟಿಯ ಎರಡು ಪ್ರತಿಗಳನ್ನು ಬೇರೆ ಬೇರೆ ಪೆನ್‌ಡ್ರೈವುಗಳಲ್ಲಿ ತೆಗೆದಿರಿಸಿದೆವು. ಈ ಕೆಲಸವನ್ನು ಯಾರೂ ಮರೆಯಲಾಗದು. ಡಿಸ್ಕ್ ಕೆಟ್ಟಿದ್ದರೆ ಗೆದ್ದಲಿನಿಂದ ಉಳಿದ ಹೆಸರುಗಳೂ ಅದರೊಂದಿಗೇ ಹೋಗುತ್ತಿದ್ದವು.

ಈಗ ಯಂತ್ರವು ಒಂದು ನಿಮಿಷದೊಳಗೆ ಸಿದ್ಧವಾಗುತ್ತದೆ. ಪಟ್ಟಿಯು ಯೂನಿಕೋಡಿಗೆ ಮುಂಚಿನ ಅಕ್ಷರಗಳಲ್ಲಿ ಇದ್ದುದರಿಂದ ಅದನ್ನು ಪರಿವರ್ತಿಸಬೇಕಾಯಿತು; ಆಗ ಕೆಲವು ಹೆಸರುಗಳಲ್ಲಿ ಅರ್ಕಾವೊತ್ತು ಸ್ಥಾನ ತಪ್ಪಿತು. ಯಾವ ಪ್ರೊಸೆಸರೂ ಅದನ್ನು ಸರಿಪಡಿಸದು; ನಾವು ಮೂವರು ನಿವೃತ್ತರು ಕುಳಿತು ಒಂದೊಂದಾಗಿ ತಿದ್ದುತ್ತಿದ್ದೇವೆ. ದಾನಿಗಳ ಒಪ್ಪಿಗೆ ಪಡೆದು, ಉಳಿದ ಹಣದಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇವೆ. ಮಳೆಗಾಲದಲ್ಲಿ ವಿದ್ಯುತ್ ಹೋಗುವುದು ಇಲ್ಲಿಯವರಿಗೆ ಹೊಸತಲ್ಲವಷ್ಟೆ.