ರೊಟ್ಟಿ ಮೇಲಿನ ಬೆಣ್ಣೆ ಇಳಿಸಲು ಒಂಬತ್ತು ಸೂತ್ರ

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎಂಬ ಗಾದೆ ಗೊತ್ತಲ್ಲ? ಡಾಕ್ಟರು ‘ಬೆಣ್ಣೆ ಕಡಿಮೆ ಮಾಡ್ರಿ’ ಎಂದ ಮೇಲೆ ನಮ್ಮ ಪಾಡು ಅದೇ ಆಗಿದೆ. ಡಬ್ಬಿ ತುಂಬ ಗುರೆಳ್ಳು, ಶೇಂಗಾ, ಅಗಸಿ ಇಟ್ಟುಕೊಂಡು ಬೆಣ್ಣೆಗೆ ಬದಲಿ ಎಲ್ಲಿ ಸಿಗುತ್ತದೆ ಎಂದು ಸೂಪರ್ ಮಾರ್ಕೆಟ್ ಸುತ್ತುತ್ತೇವೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಎರೆಹೊಲ ಎಣ್ಣೆಕಾಳಿನ ಹೊಲವೂ ಹೌದು. ಬದಲಿ ಬೇಕಾದವರು ಬಹಳ ದೂರ ಹೋಗಬೇಕಿಲ್ಲ. ಒಂಬತ್ತು ಸೂತ್ರ ಇಲ್ಲಿವೆ.

1. ಮೊದಲು ಲೆಕ್ಕ ತಿಳಿಯಿರಿ

ಒಂದು ದೊಡ್ಡ ಚಮಚ ಬೆಣ್ಣೆ, ಅಂದರೆ ಸುಮಾರು 14 ಗ್ರಾಂ, ನೂರು ಕ್ಯಾಲೊರಿ ಕೊಡುತ್ತದೆ. ಅದರಲ್ಲಿ 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಜಾತಿಯದು. ದಿನದ ಒಟ್ಟು ಕ್ಯಾಲೊರಿಯಲ್ಲಿ ಇದರ ಪಾಲು ಶೇ. 10 ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲೊರಿ ಉಣ್ಣುವವರಿಗೆ ಅದು ಸುಮಾರು 22 ಗ್ರಾಂ. ಮೂರು ಚಮಚ ಬೆಣ್ಣೆ ತಿಂದರೆ ಆ ದಿನದ ಪಾಲು ಮುಗಿದಂತೆ. ಹಾಲು, ಮೊಸರು, ತುಪ್ಪ, ಕರಿದ ತಿಂಡಿಯಲ್ಲಿ ಬರುವುದು ಬೇರೆ. ಬೆಣ್ಣೆ ವಿಷವಲ್ಲ. ಆದರೆ ಮುದ್ದೆ ಮುದ್ದೆಯಾಗಿ ತಿನ್ನುತ್ತಿದ್ದ ಕಾಲದಲ್ಲಿ ಜನ ಹೊಲದಲ್ಲಿ ಇಡೀ ದಿನ ಬಗ್ಗಿ ದುಡಿಯುತ್ತಿದ್ದರು ಎಂಬುದನ್ನು ಮರೆಯಬಾರದು.

2. ಬೆಣ್ಣೆ ಮಾಡುವ ಕೆಲಸವನ್ನು ಗುರುತಿಸಿ

ಬೆಣ್ಣೆ ಎಲ್ಲ ಕಡೆ ಒಂದೇ ಕೆಲಸ ಮಾಡುವುದಿಲ್ಲ. ರೊಟ್ಟಿಯ ಮೇಲೆ ಅದು ಕಾರ ತಣಿಸುತ್ತದೆ. ದೋಸೆಗೆ ಘಮ ಮತ್ತು ಗರಿ ಕೊಡುತ್ತದೆ. ಪಲ್ಯಕ್ಕೆ ಮೈ ತುಂಬುತ್ತದೆ. ಬಿಸ್ಕತ್ತಿಗೆ ಪುಡಿಪುಡಿಯಾಗುವ ಗುಣ ತರುತ್ತದೆ. ಆದ್ದರಿಂದ ಎಲ್ಲದಕ್ಕೂ ಒಂದೇ ಬದಲಿ ಹುಡುಕಿದವರು ಒಂದು ವಾರದಲ್ಲಿ ಬೇಸತ್ತು ಮತ್ತೆ ಬೆಣ್ಣೆ ಡಬ್ಬಿ ತೆರೆಯುತ್ತಾರೆ. ‘ಈ ಅಡುಗೆಯಲ್ಲಿ ಬೆಣ್ಣೆ ಏನು ಮಾಡುತ್ತಿದೆ?’ ಎಂದು ಕೇಳಿಕೊಳ್ಳಿ. ಆ ಕೆಲಸಕ್ಕೆ ತಕ್ಕ ಆಳನ್ನು ಕರೆಯಿರಿ.

3. ರೊಟ್ಟಿಗೆ ಹಿಂಡಿ ಮತ್ತು ಕಟ್ಟಿದ ಮೊಸರು

ಬಿಸಿ ಜೋಳದ ರೊಟ್ಟಿ ಮೆತ್ತಗಾಗುವುದು ಬೆಣ್ಣೆಯಿಂದ ಅಲ್ಲ, ಹಿಟ್ಟಿಗೆ ಹಾಕುವ ಕುದಿವ ನೀರಿನಿಂದ ಮತ್ತು ಚೆನ್ನಾಗಿ ನಾದಿದ ಕೈಯಿಂದ. ಅದನ್ನು ಸರಿ ಮಾಡಿಕೊಂಡರೆ ಬೆಣ್ಣೆಯ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧಕ್ಕೆ ಮೊಸರು ಸಾಕು. ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ, ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನಾಲ್ಕು ತಾಸು ತೂಗುಬಿಡಿ. ನೀರು ಸೋರಿ ಬೆಣ್ಣೆಯ ಹದಕ್ಕೆ ಬರುತ್ತದೆ. ಬೇಸಿಗೆಯಲ್ಲಾದರೆ ಫ್ರಿಜ್ಜಿನಲ್ಲೇ ಸೋರಲು ಬಿಡಿ, ಹುಳಿಯಾಗದು. ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ ಕಲಸಿ. ರೊಟ್ಟಿಗೂ ಹಚ್ಚಬಹುದು, ಚಪಾತಿಗೂ ಹಚ್ಚಬಹುದು. ಪಕ್ಕದಲ್ಲಿ ಗುರೆಳ್ಳು ಪುಡಿ ಅಥವಾ ಶೇಂಗಾ ಹಿಂಡಿ ಇರಲಿ. ಕಾರದ ಪಲ್ಯ ಇದ್ದ ದಿನ ಒಂದು ಲೋಟ ಮಜ್ಜಿಗೆ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಕೊಬ್ಬು ತೀರ ಕಡಿಮೆ. ಹೈನು ಮಾಡುವ ಮನೆಯವರು ಬೆಣ್ಣೆ ಮಾರಿ ಮಜ್ಜಿಗೆ ತಾವು ಕುಡಿದರೆ ಲಾಭ ಎರಡು ಕಡೆ.

4. ಎಣ್ಣೆಯ ಬದಲು ಕಾಳನ್ನೇ ಹಾಕಿ

ಬದನೆಕಾಯಿ ಎಣ್ಣೆಗಾಯಿ ಎಂದರೆ ಎಣ್ಣೆ ತೇಲಲೇಬೇಕು ಎಂಬ ನಂಬಿಕೆ ಇದೆ. ಹುರಿದ ಶೇಂಗಾ, ಎಳ್ಳು, ಸ್ವಲ್ಪ ಗುರೆಳ್ಳು ಕುಟ್ಟಿ ಮಸಾಲೆ ಮಾಡಿ, ಎಳೆ ಬದನೆಕಾಯಿಗೆ ತುಂಬಿ, ಎರಡು ಚಮಚ ಎಣ್ಣೆಯಲ್ಲಿ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ ನೋಡಿ. ಕಾಳು ತನ್ನ ಎಣ್ಣೆಯನ್ನು ತಾನೇ ಬಿಡುತ್ತದೆ. ಶೇಂಗಾದಲ್ಲಿ ಹತ್ತಿರ ಅರ್ಧ ಪಾಲು ಎಣ್ಣೆ, ಕಾಲು ಪಾಲು ಪ್ರೋಟೀನು. ಬೆಣ್ಣೆಯಲ್ಲಿ ಆ ಪ್ರೋಟೀನು ಇಲ್ಲವೆಂಬಷ್ಟು ಕಡಿಮೆ. ಪುಂಡಿಪಲ್ಲೆಗೂ ಇದೇ ಉಪಾಯ: ಮೇಲೆ ಬೆಣ್ಣೆ ಇಡುವ ಬದಲು ಬೇಯುವಾಗಲೇ ಒಂದು ಹಿಡಿ ಶೇಂಗಾ ಹಾಕಿ. ಹುಳಿಯೂ ತಣಿಯುತ್ತದೆ, ಪಲ್ಯವೂ ಮೈ ತುಂಬಿಕೊಳ್ಳುತ್ತದೆ.

ಅಗಸಿಯನ್ನು ಮಾತ್ರ ಇಡಿಯಾಗಿ ತಿನ್ನಬೇಡಿ, ಜೀರ್ಣವಾಗದೆ ಹಾಗೇ ಹೋಗುತ್ತದೆ. ಸಣ್ಣಗೆ ಹುರಿದು ಪುಡಿ ಮಾಡಿ. ಮೀನಿನಲ್ಲಿ ಸಿಗುವ ಒಮೆಗಾ-3ರ ಸಸ್ಯರೂಪ ಅಗಸಿಯಲ್ಲಿ ಧಾರಾಳವಾಗಿದೆ. ಹಿಂಡಿಯನ್ನು ತಿಂಗಳುಗಟ್ಟಲೆ ಇಡದೆ ಹದಿನೈದು ದಿನಕ್ಕೆ ಬೇಕಾದಷ್ಟೇ ಕುಟ್ಟಿ, ಇಲ್ಲದಿದ್ದರೆ ಕಮಟು ವಾಸನೆ ಹಿಡಿಯುತ್ತದೆ. ಬೂಸ್ಟು ಹಿಡಿದ ಶೇಂಗಾವನ್ನು ಆರಿಸಿ ಬಳಸಲು ಹೋಗದೆ ಎಸೆದುಬಿಡಿ, ಬೂಸ್ಟಿನ ವಿಷ ಹುರಿದರೂ ಹೋಗದು.

5. ಕುಸುಬಿ ಹಾಲನ್ನು ಮರಳಿ ತನ್ನಿ

ಹಿಂಗಾರಿ ಜೋಳದ ಹೊಲದ ಅಂಚಿಗೆ ಕುಸುಬಿ ಸಾಲು ಹಾಕುತ್ತಿದ್ದ ಕಾಲವನ್ನು ಹಿರಿಯರು ನೆನೆಯುತ್ತಾರೆ. ಅದರ ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ, ಮನೆಗೆ ಎಣ್ಣೆಯೂ ಆಗುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಸಿಂಧನೂರು ಕಡೆ ಭತ್ತ ಹರಡಿತು, ಬೇಲಿಯ ಬೆಳೆ ಹಿಂದೆ ಸರಿಯಿತು. ಕುಸುಬಿ ಜೊತೆಗೆ ಅದರ ಹಾಲೂ ಮರೆಯಾಗುತ್ತ ಬಂತು.

ಮಾಡುವುದು ಸುಲಭ. ಒಂದು ಬಟ್ಟಲು ಕುಸುಬಿ ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ ಸಿಪ್ಪೆ ತೆಗೆಯಿರಿ. ಮೂರು ಬಟ್ಟಲಿನಷ್ಟು ಬಿಳಿ ಹಾಲು ಬರುವಂತೆ ನೀರು ಹೊಂದಿಸಿಕೊಳ್ಳಿ. ಗೋಧಿ ಹುಗ್ಗಿ ಬೆಂದ ಮೇಲೆ ಈ ಹಾಲು, ಬೆಲ್ಲ, ಏಲಕ್ಕಿ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಉರಿ ಜೋರಾದರೆ ಒಡೆಯುತ್ತದೆ. ತುಪ್ಪ, ಬೆಣ್ಣೆ ಎರಡೂ ಇಲ್ಲದೆ ಹುಗ್ಗಿ ಜಿಡ್ಡು ಜಿಡ್ಡಾಗಿ ಇಳಿಯುತ್ತದೆ.

6. ಎಣ್ಣೆಯನ್ನು ಆರಿಸಿ, ಆದರೆ ಅಳೆದು ಹಾಕಿ

ಬೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಶೇ. 50. ತುಪ್ಪದಲ್ಲಿ ಶೇ. 60 ದಾಟುತ್ತದೆ. ತಾಳೆ ಎಣ್ಣೆಯೂ ಬೆಣ್ಣೆಯ ಸಮಕ್ಕೆ ನಿಲ್ಲುತ್ತದೆ, ಕೊಬ್ಬರಿ ಎಣ್ಣೆ ಶೇ. 80 ಮೀರುತ್ತದೆ. ಶೇಂಗಾ ಎಣ್ಣೆಯಲ್ಲಿ ಇದು ಸುಮಾರು ಶೇ. 17, ಎಳ್ಳೆಣ್ಣೆಯಲ್ಲಿ 14, ಸೂರ್ಯಕಾಂತಿಯಲ್ಲಿ 10, ಕುಸುಬಿಯಲ್ಲಿ ಇನ್ನೂ ಕಡಿಮೆ. ಸಿಂಧನೂರಿನ ಬಂಗಾಳಿ ಕ್ಯಾಂಪುಗಳಲ್ಲಿ ಮೀನಿಗೆ ಬಳಸುವ ಸಾಸಿವೆ ಎಣ್ಣೆಯೂ ಇದೇ ಕಡಿಮೆಯ ಸಾಲಿನದು. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ತಿಂಗಳಿಗೊಂದು ಬದಲಿಸುತ್ತ ಹೋಗುವುದು ಜಾಣತನ. ಗಾಣದ ಎಣ್ಣೆಗೆ ಘಮ ಹೆಚ್ಚು, ಆದರೆ ಬೇಗ ಹೊಗೆಯಾಡುತ್ತದೆ. ಅದನ್ನು ಹಿಂಡಿಗೆ ಹಸಿಯಾಗಿ ಕಲಸಲು, ಒಗ್ಗರಣೆಗೆ ಇಟ್ಟುಕೊಳ್ಳಿ.

ಇಲ್ಲೊಂದು ಹಳ್ಳವಿದೆ, ಹಲವರು ಬೀಳುತ್ತಾರೆ. ‘ಎಣ್ಣೆ ಒಳ್ಳೆಯದು’ ಎಂದು ಧಾರಾಳವಾಗಿ ಸುರಿದರೆ ತೂಕ ಏರುವುದು ನಿಲ್ಲದು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ, ಬೆಣ್ಣೆಗಿಂತ ಹೆಚ್ಚೇ. 2000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ-ಕೊಬ್ಬು ಸಾಕು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ. ನಾಲ್ಕು ಮಂದಿಯ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ಬೆಣ್ಣೆ, ತುಪ್ಪವೂ ಇದರಲ್ಲೇ ಸೇರಬೇಕು. ತಿಂಗಳ ಸಂತೆಯ ಚೀಟಿ ತೆಗೆದು ನಿಮ್ಮ ಮನೆಯ ಲೆಕ್ಕ ಹೋಲಿಸಿ ನೋಡಿ.

7. ಕಾವಲಿಯಲ್ಲಿ ಉಳಿಸಿ

ದೋಸೆಗೆ ಬೆಣ್ಣೆ ಮುದ್ದೆ ಬೇಡ. ಕಬ್ಬಿಣದ ಕಾವಲಿ ಚೆನ್ನಾಗಿ ಪಳಗಿದ್ದರೆ ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿದರೆ ಸಾಕು. ಘಮ ಬೇಕೆಂದರೆ ಹಿಟ್ಟಿಗೆ ಒಂದಿಷ್ಟು ಮೆಂತ್ಯ ಸೇರಿಸಿ ರುಬ್ಬಿ. ಬೆಳಗಿನ ಮಂಡಕ್ಕಿ ಒಗ್ಗರಣೆಯಲ್ಲೂ ಹಾಗೆಯೇ: ನೆನೆಸಿದ ಮಂಡಕ್ಕಿಯನ್ನು ಗಟ್ಟಿಯಾಗಿ ಹಿಂಡಿ, ಎಣ್ಣೆಯನ್ನು ಬಾಟಲಿಯಿಂದ ನೇರ ಸುರಿಯದೆ ಚಮಚದಲ್ಲಿ ಅಳೆದು ಹಾಕಿ. ನಾಲ್ಕು ಜನರಿಗೆ ಎರಡು ದೊಡ್ಡ ಚಮಚ ಧಾರಾಳ. ಜೊತೆಗಿನ ಮಿರ್ಚಿ ವಾರಕ್ಕೊಮ್ಮೆ ಇರಲಿ. ಕರಿದ ಎಣ್ಣೆ ಕಪ್ಪಾಗಿದ್ದರೆ, ನೊರೆ ಬರುತ್ತಿದ್ದರೆ ಮತ್ತೆ ಒಲೆಗೆ ಇಡಬೇಡಿ.

8. ಬೆಣ್ಣೆಯ ವೇಷ ಹಾಕಿದವರಿಂದ ದೂರವಿರಿ

ಬೆಣ್ಣೆ ಬಿಟ್ಟು ವನಸ್ಪತಿ ಹಿಡಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಎಣ್ಣೆಯನ್ನು ಅರೆಬರೆ ಹೈಡ್ರೋಜನೀಕರಿಸಿ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ಎಣ್ಣೆ-ಕೊಬ್ಬುಗಳಲ್ಲಿ ಇದು ಶೇ. 2 ಮೀರಬಾರದೆಂಬ ನಿಯಮ ದೇಶದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿದೆ. ನಿಯಮ ಇದೆಯೆಂದು ಕಣ್ಣು ಮುಚ್ಚಿ ಕೊಳ್ಳಬೇಡಿ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ, ‘ಹೈಡ್ರೋಜನೇಟೆಡ್’ ಎಂದಿದ್ದರೆ ಮರಳಿ ಇಡಿ.

ಮಕ್ಕಳ ಬ್ರೆಡ್ಡಿಗೆ ಶೇಂಗಾ ಬೆಣ್ಣೆಯನ್ನು ಮನೆಯಲ್ಲೇ ಮಾಡಿ. ಹುರಿದು ಸಿಪ್ಪೆ ತೆಗೆದ ಶೇಂಗಾವನ್ನು ಚಿಟಿಕೆ ಉಪ್ಪಿನೊಂದಿಗೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುವುತ್ತ ಹೋಗಿ. ಮೊದಲು ಪುಡಿ, ಆಮೇಲೆ ಉಂಡೆ, ಕೊನೆಗೆ ತಾನೇ ಕರಗಿ ಬೆಣ್ಣೆಯಾಗುತ್ತದೆ. ಸಕ್ಕರೆಯೂ ಬೇಡ, ಬೇರೆ ಎಣ್ಣೆಯೂ ಬೇಡ. ಶೇಂಗಾ ಒಗ್ಗದ ಮಕ್ಕಳಿದ್ದರೆ ಕಟ್ಟಿದ ಮೊಸರೇ ಸರಿ. ಮನೆಯಲ್ಲಿ ಕೇಕ್ ಮಾಡುವವರು ಅರ್ಧ ಬೆಣ್ಣೆಯ ಜಾಗಕ್ಕೆ ಮಾಗಿದ ಬಾಳೆಹಣ್ಣು ಅಥವಾ ಮೊಸರು ಹಾಕಬಹುದು. ಬಿಸ್ಕತ್ತಿಗೆ ಮಾತ್ರ ಇದು ಒಗ್ಗದು, ಮೆತ್ತಗಾಗುತ್ತದೆ.

9. ಅಶೋಕನಂತೆ ಹಂತ ಹಂತವಾಗಿ ಇಳಿಸಿ

ಮಸ್ಕಿಯ ಬಂಡೆಯ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ‘ದೇವಾನಾಂಪ್ರಿಯ’ ಎಂಬವನು ಅಶೋಕನೇ ಎಂದು ಹೆಸರು ಸಮೇತ ತಿಳಿಯಿತು. ಅದೇ ಅಶೋಕ ತನ್ನ ಇನ್ನೊಂದು ಶಾಸನದಲ್ಲಿ ಅರಮನೆಯ ಅಡುಗೆಮನೆಯ ಲೆಕ್ಕ ಬರೆಸಿದ್ದಾನೆ. ಮೊದಲು ಸಾರಿಗೆಂದು ದಿನವೂ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ. ಈಗ ಮೂರೇ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ನಿತ್ಯವಲ್ಲ. ಮುಂದೆ ಆ ಮೂರೂ ಇರುವುದಿಲ್ಲ ಎನ್ನುತ್ತಾನೆ. ಚಕ್ರವರ್ತಿಯೇ ಅಡುಗೆಮನೆಯ ರೂಢಿಯನ್ನು ಒಂದೇ ದಿನದಲ್ಲಿ ಕಿತ್ತುಹಾಕಲಿಲ್ಲ.

ನೀವೂ ಹಾಗೇ ಮಾಡಿ. ಮೊದಲ ವಾರ ರಾತ್ರಿಯೂಟದ ಬೆಣ್ಣೆ ನಿಲ್ಲಿಸಿ. ಎರಡನೆಯ ವಾರ ದೋಸೆಯದ್ದು. ಮೂರನೆಯ ವಾರ ಡಬ್ಬಿಯನ್ನು ಊಟದ ಜಾಗದಿಂದ ಒಳಗೆ ಸರಿಸಿ, ಅಲ್ಲಿ ಹಿಂಡಿ ಡಬ್ಬಿ ಇಡಿ. ಎಳ್ಳಮಾವಾಸ್ಯೆಯ ಸಜ್ಜಿ ರೊಟ್ಟಿಗೆ ಒಂದು ತುಣುಕು ಬೆಣ್ಣೆ ಇರಲಿ, ಹಬ್ಬದ ರುಚಿಗೆ ಯಾರ ಅಡ್ಡಿಯೂ ಇಲ್ಲ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಕಡಿತ ಬೇಡ. ಹೃದಯದ, ಮೂತ್ರಪಿಂಡದ ಔಷಧಿ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಒಂಬತ್ತೂ ಒಮ್ಮೆಗೇ ಬೇಡ. ಇವತ್ತು ರಾತ್ರಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿಡಿ, ನಾಳೆಯ ರೊಟ್ಟಿಗೆ ಅದನ್ನೇ ಹಚ್ಚಿರಿ.